ಅದಲು ಬದಲಾದ ಹುಂಜ

ಪುಷ್ಪಾಳ ಕೈಗುಣದ ಬಗ್ಗೆ ಅಂತರಸಂತೆ ಊರಿನಲ್ಲಿ ಯಾರಾದರೂ ಮಾತೆತ್ತಿದರೆ ಸಾಕು, ಸುನಂದಮ್ಮನ ಹೊಟ್ಟೆಗೆ ಕೆಂಡ ಬೀಳುತ್ತಿತ್ತು. ಪುಷ್ಪಾ ಅವಳ ವಾರಗಿತ್ತಿ, ಅದೂ ಕಿರಿಯಳು. ಒಂದೇ ಹಿತ್ತಿಲಲ್ಲಿ ಇಬ್ಬರೂ ನಾಟಿ ಕೋಳಿ ಸಾಕುತ್ತಿದ್ದರೂ ಪುಷ್ಪಾಳ ಹುಂಜಗಳು ಮಾತ್ರ ಅದೇನು ತಿನ್ನುತ್ತಿದ್ದವೋ, ಮದುವೆ ಗಂಡಿನ ಹಾಗೆ ಮೆರೆಯುತ್ತಿದ್ದವು. ಸುನಂದಮ್ಮನವು ಸಣಕಲು.

ಈಗ ಕಬಿನಿ ಕಡೆಯ ರೆಸಾರ್ಟೊಂದು ವಾರವಾರ ಕೋಳಿ ಕೊಳ್ಳಲು ಇವರಿಬ್ಬರಲ್ಲಿ ಒಬ್ಬರನ್ನು ಆರಿಸುವುದಿತ್ತು. ಒಬ್ಬೊಬ್ಬರೂ ಒಂದು ಹುಂಜ ಕೊಡಬೇಕು. ಅದರ ಮಾಂಸದ ರಸವನ್ನು ಸಣ್ಣ ಪಟ್ಟಿಯ ಮೇಲೆ ಬಿಟ್ಟು ನೋಡುತ್ತಾರೆ. ಎರಡು ಗೆರೆ ಮೂಡಿದರೆ ಸರಿ, ಒಂದೇ ಮೂಡಿದರೆ ಮಾಂಸದಲ್ಲಿ ಆಂಟಿಬಯೋಟಿಕ್ ಔಷಧಿ ಉಳಿದಿದೆ ಎಂದರ್ಥ. ಇಬ್ಬರದೂ ಪಾಸಾದರೆ ದಪ್ಪ ಹುಂಜದವಳಿಗೇ ಆರ್ಡರು. ಅಂದರೆ ಪುಷ್ಪಾಳಿಗೇ, ಇನ್ಯಾರಿಗೆ!

ಪರೀಕ್ಷೆಯ ಹಿಂದಿನ ಸಂಜೆ ಇಬ್ಬರೂ ಜಗಲಿಯ ಮೇಲೆ ತಂತಮ್ಮ ಹುಂಜಕ್ಕೆ ಮಂಕರಿ ಕವುಚಿದರು. ಪುಷ್ಪಾ ಒಳಗೆ ಮುದ್ದೆ ತಿರುವುತ್ತಿದ್ದಾಗ ಸುನಂದಮ್ಮ, ಕೋಳಿಗೆ ಸೀಕು ಬಂದಾಗ ತಂದಿಟ್ಟಿದ್ದ ಔಷಧಿ ಪುಡಿಯನ್ನು ಅನ್ನಕ್ಕೆ ಕಲಸಿ ಪುಷ್ಪಾಳ ಹುಂಜಕ್ಕೆ ತಿನ್ನಿಸಿದಳು. ಆ ರಾತ್ರಿ ಅವಳಿಗೆ ಒಳ್ಳೆ ನಿದ್ದೆಯೇ ಬಂತು.

ಬೆಳಿಗ್ಗೆ ಸುನಂದಮ್ಮ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ರೆಸಾರ್ಟಿನ ಯತೀಶ್ ಎರಡೂ ಹುಂಜ ಕೊಯ್ಯಿಸಿ, ಮಾಂಸವನ್ನು ಬೇರೆ ಬೇರೆ ಡಬ್ಬಿಗೆ ಹಾಕಿಸಿ ಪರೀಕ್ಷೆಗೆ ಕೂತಿದ್ದ. ಪುಷ್ಪಾಳ ಡಬ್ಬಿಯದಕ್ಕೆ ಎರಡು ಗೆರೆ ಮೂಡಿತು. ಸುನಂದಮ್ಮನದಕ್ಕೆ ಒಂದೇ.

"ಔಷಧಿ ಹಾಕಿದ್ರಾ ಅಮ್ಮಾ?" ಎಂದ ಯತೀಶ್.

ಸುನಂದಮ್ಮ ಜಗಲಿಯ ಮಂಕರಿಗಳತ್ತ ತಿರುಗಿ ನೋಡಿದಳು. ಕತ್ತಲಲ್ಲಿ ಮಂಕರಿ ತಪ್ಪಿಬಿಟ್ಟೆನಾ?

"ಅಕ್ಕನ್ನ ಯಾಕ್ ಕೇಳ್ತೀರಿ?" ಪುಷ್ಪಾ ಮುಂದೆ ಬಂದಳು. "ಅದು ನನ್ನುಂಜ ಕಣ್ರೀ. ಅಕ್ಕಂದು ಸಣಕಲಾಗಿತ್ತು, ಅದ್ಕೇ ಬೆಳಿಗ್ಗೆ ಎದ್ದೇಟ್ಗೆ ನಾನೇ ಅದಲು ಬದಲು ಮಾಡ್ದೆ. ಅಕ್ಕ ಔಷಧಿ ಗಿಷಧಿ ಮುಟ್ಟೋಳಲ್ಲ. ನನ್ನ ಬುಟ್ಬುಡಿ, ಆರ್ಡರು ಅಕ್ಕನಿಗೇ ಕೊಡಿ."

ಯತೀಶ್ ಒಪ್ಪಿಕೊಂಡು ಬೈಕು ಹತ್ತಿದ.

"ನನ್ನುಂಜ ಎಲ್ಲಿ ಏನ್ ತಿಂದಿತ್ತೋ ಕಾಣೆ. ಓಗ್ಲಿ ಬುಡಕ್ಕ, ಈ ಸಲ ನಿಂಗೇ ಸಿಗ್ಲಿ ಅಂತಿದ್ದೆ, ಸಿಕ್ತು" ಎಂದು ಪುಷ್ಪಾ ನಕ್ಕಳು.

ಸುನಂದಮ್ಮನಿಗೆ ನಾಚಿಕೆಯಾಯಿತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಹೇಳಿದರೆ ಪುಷ್ಪಾ ಒಂದು ಮಾತೂ ಆಡದೆ ಕ್ಷಮಿಸುತ್ತಾಳೆ. ಆಮೇಲೆ ಊರೆಲ್ಲ ಅದನ್ನೂ ಹೊಗಳುತ್ತದೆ.

ಸುನಂದಮ್ಮ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.