ಬೂಂದಿ ಸೌಟಿಗೆ ಸಿಕ್ಕ ಟ್ರೌಟ್

ನಾನು ಒಂದು ಬೂಂದಿ ಸೌಟು. ನನ್ನದೊಂದು ಸಣ್ಣ ಚಿಂತೆ ಇದೆ: ಮೈಗೆ ಹತ್ತಿದ ಮೀನಿನ ವಾಸನೆ ಪೂರ್ತಿ ಹೋಗಿದೆಯೋ ಇಲ್ಲವೋ. ಯಾರನ್ನು ಕೇಳಲಿ?

ಗದಗಿನ ಒಂದು ಓಣಿಯಲ್ಲಿ ತಗಡನ್ನು ದುಂಡಗೆ ಕತ್ತರಿಸಿ, ತೂತು ಹೊಡೆದು, ಉದ್ದನೆಯ ಹಿಡಿ ಬೆಸೆದು ನನ್ನನ್ನು ಮಾಡಿದರು. ಕೊಂಡವರು ಶಿವಗಂಗವ್ವ. ಲಗ್ನದ ಮನೆಗಳಿಗೆ ಬೂಂದಿ ಉಂಡಿ ಕಟ್ಟಿಕೊಡುವವರು. ಹಿಟ್ಟು ಸುರಿದು ನನ್ನನ್ನು ಬಾಣಲೆಯ ಅಂಚಿಗೆ ಟಕಟಕ ಬಡಿದರೆ ಕಾಳು ಮುತ್ತಿನಂತೆ ಬೀಳುತ್ತಿತ್ತು. ಅವರ ಮನೆಯ ಹೊಸ್ತಿಲನ್ನು ಒಂದು ಮೊಟ್ಟೆಯೂ ದಾಟಿರಲಿಲ್ಲ. ಮಗಳು ಕಮಲಾಕ್ಷಿ ಮದುವೆಯಾಗಿ ಕೆನಡಾಕ್ಕೆ ಹೊರಟಾಗ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಅವಳ ಪೆಟ್ಟಿಗೆಯಲ್ಲಿಟ್ಟರು.

ಅಲ್ಲಿ ಯಾರೂ ಬೂಂದಿ ಕರಿಯಲಿಲ್ಲ. ಅವಳ ಗಂಡ ಬಸವಪ್ರಭು ಲಾರಿ ಓಡಿಸುವವನು. ಜೊತೆಗಾರರಿಂದ ಅವನಿಗೆ ಹೆಪ್ಪುಗಟ್ಟಿದ ಕೆರೆಯಲ್ಲಿ ಟ್ರೌಟ್ ಮೀನು ಹಿಡಿಯುವ ಹುಚ್ಚು ಹತ್ತಿತ್ತು. ಬೈರಿಗೆಯಿಂದ ಮಂಜುಗಡ್ಡೆ ಕೊರೆದು, ಆ ಕಂಡಿಯೊಳಗೆ ಗಾಳ ಇಳಿಬಿಡಬೇಕು. ಕಂಡಿಯ ನೀರು ಮತ್ತೆ ಮತ್ತೆ ಹೆಪ್ಪುಗಟ್ಟುತ್ತದೆ; ಅದನ್ನು ಬಾಚಿ ತೆಗೆಯಲು ತೂತಿನ ಸೌಟು ಬೇಕು. ಮನೆಯಲ್ಲಿ ಹೇಗೂ ನಾನಿದ್ದೆ.

ಬಾಚುವ ಕೆಲಸ ಕಮಲಾಕ್ಷಿಯದು. ನನ್ನ ತೂತುಗಳಲ್ಲಿ ಮಂಜಿನ ಚೂರು ಕಚ್ಚಿಕೊಂಡರೆ ಅವಳ ಕೈ ತವರಿನ ರೂಢಿಯಂತೆ ನನ್ನನ್ನು ಮಂಜುಗಡ್ಡೆಯ ಅಂಚಿಗೆ ಟಕಟಕ ಬಡಿಯುತ್ತಿತ್ತು.

"ಇಲ್ಲೇನ್ ಬೂಂದಿ ಬೀಳಂಗಿಲ್ಲ," ಎಂದ ಬಸವಪ್ರಭು. "ಸಪ್ಪಳಕ್ಕ ಮೀನ ಓಡ್ತಾವ."

ಅಂದಿನಿಂದ ಅವಳು ನನ್ನನ್ನು ಕೈಗವಸಿನಿಂದ ಒರೆಸತೊಡಗಿದಳು.

ಒಂದು ಭಾನುವಾರ ಅವನು ಗಾಳವನ್ನು ಅವಳ ಕೈಗಿತ್ತು ಕಾರಿನಿಂದ ಚಹಾ ತರಲು ಹೋದ. ದಾರ ಜಗ್ಗಿತು. ಅವಳು ಕೂಗಲಿಲ್ಲ. ಮಂಡಿಯೂರಿ, ದಾರವನ್ನು ಮೆಲ್ಲಗೆ ಎಳೆದುಕೊಂಡಳು. ಕಂಡಿಯಲ್ಲಿ ಮೀನಿನ ತಲೆ ಕಂಡದ್ದೇ ನನ್ನನ್ನು ಅಡಿಗೆ ಕೊಟ್ಟು ಎತ್ತಿದಳು. ಮೈತುಂಬ ಚುಕ್ಕೆ, ಪಕ್ಕೆಗೆ ಗುಲಾಬಿ ಪಟ್ಟೆ. ಜೀವವಿರುವುದನ್ನು ನಾನು ಹೊತ್ತದ್ದು ಅದೇ ಮೊದಲು. ಕಮಲಾಕ್ಷಿ ಒಬ್ಬಳೇ ನಕ್ಕಳು.

ಬಸವಪ್ರಭು ಬಂದು, ಮೀನು ಹಿಡಿದು ನಿಂತು ಫೋಟೊ ತೆಗೆಸಿಕೊಂಡ. ಸಂಜೆಯ ಹೊತ್ತಿಗೆ ಗೆಳೆಯರ ನಡುವೆ ಅದು ಅವನು ಹಿಡಿದ ಮೀನಾಗಿತ್ತು. ಅವ್ವನಿಗೆ ತಿಳಿಯದಿದ್ದರೆ ಸಾಕೆಂದು ಅವಳೂ ಸುಮ್ಮನಾದಳು. ಅವನು ಕತೆ ಹೇಳಿದಂತೆಲ್ಲ ಮೀನು ಗೇಣು ಗೇಣು ಬೆಳೆಯಿತು. ಅವಳು ಪಾತ್ರೆಗಳನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು.

ಈಗ ನನ್ನ ಅಂಚಿಗೆ ತುಕ್ಕು ಹಿಡಿದಿದೆ. ಕಿಟಕಿಯ ಪಕ್ಕ ಮೊಳೆಗೆ ತೂಗುತ್ತಿರುತ್ತೇನೆ. ನನ್ನ ಕೈಗೆ ಬಂದದ್ದರಲ್ಲಿ ಸೋರಿ ಹೋದದ್ದೇ ಹೆಚ್ಚು. ಅದಕ್ಕೆ ಬೇಸರವಿಲ್ಲ, ನನ್ನನ್ನು ಮಾಡಿದ್ದೇ ಹಾಗೆ.

ನಿನ್ನೆ ಶಿವಗಂಗವ್ವ ಫೋನಿನ ಪರದೆಯಲ್ಲಿ ಬಂದಿದ್ದರು. ಆ ಫೋಟೊ ಯಾರಿಂದಲೋ ಗದಗಿಗೂ ಮುಟ್ಟಿತ್ತು. ಬಸವಪ್ರಭು ಪಕ್ಕದಲ್ಲೇ ಕೂತು ಪೇಪರ್ ಮಡಚುತ್ತಿದ್ದ.

"ಅಳಿಯಂದ್ರಿಗೆ ನಾ ಏನ್ ಅನ್ನಲಿ, ಗಂಡಸರು," ಎಂದರು ಅವ್ವ. "ನೀ ಅಂತೂ ಅದನ್ನ ಮುಟ್ಟಿಲ್ಲ, ಹೌದಿಲ್ಲೋ?"

ಕಮಲಾಕ್ಷಿ ಗಂಡನ ಕಡೆ ನೋಡಲಿಲ್ಲ.

"ಮುಟ್ಟೀನವ್ವಾ," ಎಂದಳು. "ಅದನ್ನ ಹಿಡದಾಕಿ ನಾನ."