ಹಸಿರು ವೈರು

ಮಾನಪ್ಪನ ಹೆಣವಿದ್ದ ಫ್ರೀಜರ್ ಪೆಟ್ಟಿಗೆಯ ಸ್ಟೀಲಿನ ಅಂಚಿಗೆ ಕೈಯಿಟ್ಟ ಲಾಡಬಿ ಕೆಂಡ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. ಪಕ್ಕದ ಖೋಲಿಯ ಮುದುಕಿ, ಅವನನ್ನು ಹದಿನಾರು ವರ್ಷದಿಂದ ತಮ್ಮ ಎಂದೇ ಕರೆದವಳು. ಯಾರೋ ಹಿಂದಿನಿಂದ ಹಿಡಿದುಕೊಳ್ಳದಿದ್ದರೆ ನೆಲಕ್ಕೇ ಬೀಳುತ್ತಿದ್ದಳು.

"ನನ್ನ ಕೈ ಹಿಡದನವ್ವಾ," ಎಂದಳು ಅಂಗೈ ತಿಕ್ಕಿಕೊಳ್ಳುತ್ತ. "ಮಾನಪ್ಪ ಹಿಡದ ಎಳದ. ಜೀವ ಇನ್ನೂ ಇಲ್ಲೇ ಐತಿ."

ಅವಳಿಗಿಂತ ಮೊದಲು ಹಾರ ಹಾಕಿದ ಇಬ್ಬರಿಗೂ ಹಾಗೇ ಆಗಿತ್ತಂತೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದವರು ಈಗ ಹೇಳಿದರು. ಹೆಂಡತಿಯ ಮುಖ ನೋಡದೆ ಹೋದವನಿಗೆ ಆಸೆ ಉಳಿದಿದೆ ಎಂದು ವಾಸ್ಕೋ ಬಳಿಯ ಸಡಾದ ಆ ಹತ್ತಡಿಯ ಖೋಲಿಯಲ್ಲಿ ಗುಸುಗುಸು ಎದ್ದಿತು. ಮಾನಪ್ಪನ ತಮ್ಮ ಬಸು ಎದ್ದು ನಿಂತು ತೀರ್ಪನ್ನೇ ಕೊಟ್ಟುಬಿಟ್ಟ.

"ಇನ್ನ ಇಡೂದು ಬ್ಯಾಡ. ವೈನಿ ಬರೂದು ಸಂಜಿ ಆಕ್ಕೈತಿ. ಈಗ ಎತ್ತೂಣು."

ಮಾನಪ್ಪ ಬೆಳಗಿನ ಜಾವ ಎದೆನೋವಿನಿಂದ ಹೋಗಿದ್ದ. ಹೆಂಡತಿ ರುದ್ರವ್ವ ತಂಗಿಯ ಮಗಳ ಬಾಣಂತನಕ್ಕೆಂದು ಸಿಂದಗಿಯಲ್ಲಿದ್ದಳು. ಸುದ್ದಿ ಕೇಳಿ ಜೀಪು ಹತ್ತುವ ಮೊದಲು ಮಗಳು ಶೈಲಶ್ರೀಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಾ ಬರೂತನಕ ನಿಮ್ಮಪ್ಪನ್ನ ಮಣ್ಣಿಗೆ ಒಯ್ಯಬ್ಯಾಡ್ರಿ. ಮಾರಿ ನೋಡಬೇಕು." ಅದಕ್ಕೆಂದೇ ಶೈಲಶ್ರೀ ಈ ಪೆಟ್ಟಿಗೆ ತರಿಸಿದ್ದಳು. ಮೇ ತಿಂಗಳ ಬಿಸಿಲಲ್ಲಿ, ತಗಡಿನ ಕೆಳಗೆ, ಹೆಣ ಸಂಜೆಯವರೆಗೆ ತಡೆಯುವುದಿಲ್ಲ.

ಅಪ್ಪ ಯಾರನ್ನೂ ಕೈ ಹಿಡಿದು ಕೇಳಿದವನಲ್ಲ. ಬದುಕಿದ್ದಾಗಲೇ ಕೇಳದವನು ಸತ್ತ ಮೇಲೆ ಕೇಳುತ್ತಾನೆಯೇ? ಅವಳು ಪೆಟ್ಟಿಗೆಯ ವೈರಿನ ಜಾಡು ಹಿಡಿದು ಗೋಡೆಯ ಮೂಲೆಗೆ ಹೋದಳು. ನೋಡಿದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಮೂರು ಪಿನ್ನಿನ ತಲೆಯನ್ನು ಕತ್ತರಿಸಿ ಬಿಸಾಕಿದ್ದರು. ಕೆಂಪು, ಕಪ್ಪು ವೈರುಗಳ ತುದಿ ಸುಲಿದು ಎರಡು ತೂತಿನ ಹಳೇ ಸಾಕೆಟ್ಟಿಗೆ ತುರುಕಿ, ಕಳಚದಂತೆ ಬೆಂಕಿಕಡ್ಡಿ ಸಿಗಿಸಿದ್ದರು. ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ವೈರು ಯಾರಿಗೂ ಬೇಡವಾಗಿ ಜೋತಾಡುತ್ತಿತ್ತು.

"ಯಾರ ಮಾಡಿದ್ದಿದು?"

"ನಾನ," ಎಂದ ಬಸು. "ಪಿನ್ ಕೂಡಲಿಲ್ಲ. ಹಸರ ವೈರ ಇಲ್ದನೂ ನಡೀತೈತಿ. ಎಲ್ಲಾರ ಮನ್ಯಾಗೂ ಹಿಂಗ ಮಾಡ್ತಾರ."

"ಕಾಕಾ, ನಮ್ಮಪ್ಪ ಇಪ್ಪತ್ತೆಂಟ ವರ್ಷ ವೈರ್‌ಮನ್ ಆಗಿ ದುಡದಾನ. ಅವನ ಕಾಲಕಡೆ ಬೆಂಕಿಕಡ್ಡಿ ಸಿಗಸಿ ಮಂದೀನ ಕೊಲ್ಲಾಕತ್ತೀರಿ. ಲಾಡಬಿ ಅಜ್ಜಿ ಕೈ ಹಿಡದಿದ್ದು ಅಪ್ಪ ಅಲ್ಲ. ಕರೆಂಟ."

ಅವಳು ಜಗಲಿಗೆ ಹೋಗಿ ಇಡೀ ಸಾಲಿನ ಮೇನ್ ಸ್ವಿಚ್ಚು ಇಳಿಸಿದಳು. ಫ್ಯೂಸ್ ಕಿತ್ತು ಮುಷ್ಟಿಯಲ್ಲಿ ಹಿಡಿದಳು. ಎಂಟೂ ಖೋಲಿಗಳ ಫ್ಯಾನು ನಿಂತವು, ಪೆಟ್ಟಿಗೆಯ ಗುಂಯ್‌ಗುಡುವಿಕೆಯೂ ನಿಂತಿತು. ಅಪ್ಪನ ಹೆಣ ಮುಂದಿಟ್ಟುಕೊಂಡು ಇದೆಂಥ ಹುಚ್ಚು ಎಂದು ಹೆಂಗಸರು ಬೈದರು.

*

ಈ ಸಾಲಿನ ಮಾಲೀಕ ಸಂಗಣ್ಣ ಸಾವ್ಕಾರ. ಬೆಳಗಾವಿಯಿಂದ ಬಂದು ವಾಸ್ಕೋದಲ್ಲಿ ಸ್ವಿಚ್ಚು, ವೈರು ಮಾರುವ ಅಂಗಡಿ ಇಟ್ಟವನು. ಸಾಲಿನ ಪಕ್ಕದಲ್ಲೇ ಇದ್ದ ಅವನ ಬಂಗಲೆಗೆ ವೈರಿಂಗ್ ಮಾಡಿದ್ದು ಮಾನಪ್ಪನೇ. ಉಪ್ಪು, ಇದ್ದಿಲು ತುಂಬಿ ಆಳದ ಗುಂಡಿಯಲ್ಲಿ ಅರ್ಥಿಂಗ್ ಹೂತಿದ್ದೂ ಅವನೇ. ಆ ಅರ್ಥಿಂಗಿನ ಹಸಿರು ವೈರು ಸಾಲಿನ ಜಗಲಿಯ ಬೋರ್ಡಿನವರೆಗೆ ಬಂದು ಅಲ್ಲಿಗೇ ನಿಂತಿತ್ತು. ಖೋಲಿಯೊಳಗೆ ಬರಲು ಹದಿನೈದಡಿ ವೈರು ಸಾಕಿತ್ತು.

ಮಾನಪ್ಪ ನಾಲ್ಕು ವರ್ಷದ ಹಿಂದೆ ಒಮ್ಮೆ ಕೇಳಿದ್ದ. "ಬಾಡಿಗಿ ಖೋಲಿಗೆ ಅರ್ಥಿಂಗ್ ಯಾತಕ್ಕೋ? ಚಪ್ಪಲಿ ಹಾಕ್ಕೊಂಡ ಸ್ವಿಚ್ ಮುಟ್ಟರಿ. ನನ್ನ ಗ್ವಾಡಿಗೆ ಮೊಳೆ ಹೊಡದಿ ಅಂದ್ರ ಖೋಲಿ ಬಿಡು," ಎಂದಿದ್ದ ಸಾವ್ಕಾರ. ಮಾನಪ್ಪ ನಗುತ್ತ ಬಂದು ಮನೆಮಂದಿಗೆಲ್ಲ ರಬ್ಬರ್ ಚಪ್ಪಲಿ ತಂದುಕೊಟ್ಟ. ಆ ನಗುವಿಗೆ ಶೈಲಶ್ರೀ ಇವತ್ತಿಗೂ ಅವನನ್ನು ಕ್ಷಮಿಸಿಲ್ಲ. ಊರಿಗೆಲ್ಲ ಬೆಳಕು ಕೊಟ್ಟವನು ತನ್ನ ಮನೆಯ ಒಂದು ಸಾಕೆಟ್ಟಿಗಾಗಿ ಜಗಳ ಆಡಲಿಲ್ಲ.

ಆದರೆ ಭಾನುವಾರಗಳಂದು ಮಗಳನ್ನು ಕೂರಿಸಿಕೊಂಡು ಕೆಲಸ ಕಲಿಸಿದ್ದ. "ಮೇನ್ ಇಳಿಸು. ಫ್ಯೂಸ್ ಕಿತ್ತು ನಿನ್ನ ಹಂತ್ಯಾಕ ಇಟ್ಕೊ, ದೇವರ ಬಂದ ಕೇಳಿದ್ರೂ ಕೊಡಬ್ಯಾಡ. ಟೆಸ್ಟರ್ ಮೊದಲ ಕರೆಂಟ್ ಇದ್ದಲ್ಲಿ ಹಚ್ಚಿ ನೋಡು. ಅದ ಸತ್ತಿದ್ರ ನಿನ್ನೂ ಸಾಯಸ್ತೈತಿ."

*

ಫ್ಯಾನು ನಿಂತ ಐದೇ ನಿಮಿಷಕ್ಕೆ ಸಾವ್ಕಾರ ಬಂದ. ಕೈಯಲ್ಲಿ ಸೇವಂತಿಗೆ ಹಾರವಿತ್ತು, ಕಣ್ಣು ಮಾತ್ರ ಬೋರ್ಡಿನ ಮೇಲಿತ್ತು.

"ಯಾರನ್ನ ಕೇಳಿ ಬೋರ್ಡ್ ಮುಟ್ಟೀದಿ? ಫ್ಯೂಸ್ ಕೊಡ ಇಲ್ಲೆ."

"ಅರ್ಥಿಂಗ್ ಒಳಗ ಎಳೀತೇನ್ರಿ. ಅರ್ಧಾ ತಾಸಿನ ಕೆಲಸ."

"ಇದೇನ ವ್ಯಾಳೇನ? ನಿಮ್ಮಪ್ಪನ ಕೆಲಸ ಮೊದಲ ಮುಗೀಲಿ. ಬಸು, ಈ ಹುಡಿಗೀಗೆ ತಿಳಿಸಿ ಹೇಳೋ. ಹೆಣ ಎತ್ತರಿ."

ಬಸು ತಲೆಯಾಡಿಸಿದ. ಶೈಲಶ್ರೀ ಫ್ಯೂಸನ್ನು ಬೆನ್ನ ಹಿಂದೆ ಹಿಡಿದಳು. ಇಷ್ಟು ವರ್ಷ ಅಪ್ಪ ನುಂಗಿದ್ದೆಲ್ಲ ಸಿಟ್ಟಾಗಿ ಅವಳ ಬಾಯಿಗೆ ಬಂತು.

"ಆತ್ರಿ," ಎಂದಳು. "ಈಗ ಹೆಂಗೈತೋ ಹಂಗ ಫ್ಯೂಸ್ ಹಾಕತೇನಿ. ನೀವು ಪೆಟಗಿ ಮ್ಯಾಲೆ ಎರಡೂ ಕೈ ಊರಿ ನಮ್ಮಪ್ಪಗ ಹಾರ ಹಾಕ್ರಿ. ಆಮ್ಯಾಲೆ ನೀವು ಹೇಳಿದಂಗ ಕೇಳತೇನಿ."

ಸಾವ್ಕಾರ ನೆಲ ನೋಡಿದ. ಹೆಣಕ್ಕೆ ಎರೆದ ನೀರು ಇನ್ನೂ ಆರಿರಲಿಲ್ಲ. ತನ್ನ ಕಾಲು ನೋಡಿಕೊಂಡ. ಸತ್ತ ಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವುದಿಲ್ಲ. ಅವನೂ ಹೊರಗೆ ಬಿಟ್ಟು ಬಂದಿದ್ದ.

"ಹಾಕ್ರಿ ಸಾವ್ಕಾರ್ರ," ಎಂದಳು ಲಾಡಬಿ, ಕೈ ತಿಕ್ಕಿಕೊಳ್ಳುವುದನ್ನು ಬಿಟ್ಟು. "ನಾವೆಲ್ಲಾ ಹಾಕೇವಿ."

ಅವನು ಹಾರವನ್ನು ಬಸುವಿನ ಕೈಗೆ ಕೊಟ್ಟು ಜಗಲಿಯ ತುದಿಗೆ ಹೋಗಿ ನಿಂತ. ಲಗೂ ಮುಗಿಸು ಎಂದು ಗೊಣಗಿದ್ದು ಯಾರಿಗೆ ಎಂದು ತಿಳಿಯಲಿಲ್ಲ.

ಶೈಲಶ್ರೀ ಫ್ಯೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪನ ಚೀಲದಲ್ಲಿ ಹೊಸ ಸಾಕೆಟ್ಟು, ಪ್ಲಗ್ಗು, ಹಸಿರು ವೈರಿನ ಸುರುಳಿ ಇದ್ದವು. ನಾಲ್ಕು ವರ್ಷದಿಂದ ಇದ್ದವು. ಇಟ್ಟುಕೊಂಡು ಏನು ಪೂಜೆ ಮಾಡುತ್ತಿದ್ದೆಯಾ ಎಂದು ಹೆಣವನ್ನು ಮನಸ್ಸಿನಲ್ಲೇ ಬೈದಳು. ಟೆಸ್ಟರನ್ನು ಮೇನಿನ ಮೇಲ್ತುದಿಗೆ ಹಚ್ಚಿದಾಗ ಉರಿಯಿತು. ಗೋಡೆಯ ಎರಡೂ ತೂತಿಗೆ ಹಚ್ಚಿದಾಗ ಉರಿಯಲಿಲ್ಲ. ಹಳೇ ಸಾಕೆಟ್ಟು ಬಿಚ್ಚಿದರೆ ಒಳಗೆಲ್ಲ ಸುಟ್ಟು ಕರಿಯಾಗಿತ್ತು. ಬೋರ್ಡಿನಿಂದ ಹಸಿರು ವೈರನ್ನು ಬಾಗಿಲ ಮೇಲಿಂದ ಎಳೆದು ತಂದಳು. ಸಾವ್ಕಾರನ ಗೋಡೆಗೆ ಮೊಳೆ ಹೊಡೆಯುವಾಗ ಒಂದೊಂದಕ್ಕೆ ಎರಡೆರಡು ಪೆಟ್ಟು ಹೆಚ್ಚು ಕೊಟ್ಟಳು. ದೊಡ್ಡ ತೂತಿಗೆ ಹಸಿರು, ಬಲಕ್ಕೆ ಕೆಂಪು, ಎಡಕ್ಕೆ ಕಪ್ಪು. ಸ್ಕ್ರೂ ಬಿಗಿದು ಒಂದೊಂದನ್ನೂ ಜಗ್ಗಿ ನೋಡಿದಳು. ಪೆಟ್ಟಿಗೆಯ ವೈರಿಗೂ ಹೊಸ ತಲೆ ಕೂಡಿಸಿದಳು. ಫ್ಯೂಸ್ ಹಾಕಿ ಮೇನ್ ಏರಿಸಿ, ಟೆಸ್ಟರನ್ನು ಸ್ಟೀಲಿಗೆ ಹಚ್ಚಿದಳು. ಉರಿಯಲಿಲ್ಲ.

ಆದರೂ ಯಾರೂ ಮುಟ್ಟಲಿಲ್ಲ. ಬಸು ಎತ್ತುವ ಮಾತನ್ನು ಮತ್ತೆ ತೆಗೆಯಲಿಲ್ಲ, ಹತ್ತಿರವೂ ಬರಲಿಲ್ಲ. ಜನ ಗೋಡೆಗೆ ಒರಗಿ ದೂರವೇ ಕೂತರು.

ಆರು ಗಂಟೆಗೆ ಜೀಪು ಬಂತು. ರುದ್ರವ್ವ ಬೆವರಿನಲ್ಲಿ ತೊಯ್ದ ಸೀರೆಯಲ್ಲಿ, ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಒಳಗೆ ಬಂದಳು. ಯಾರೋ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪೆಟ್ಟಿಗೆಯ ಮೇಲೆ ಬಿದ್ದುಬಿಟ್ಟಿದ್ದಳು. ಎರಡೂ ಅಂಗೈ, ಕೆನ್ನೆ, ಹಣೆ, ಎಲ್ಲ ಸ್ಟೀಲಿನ ಮೇಲಿದ್ದವು. ಖೋಲಿಯಲ್ಲಿದ್ದವರೆಲ್ಲ ಸತ್ತವನನ್ನು ಬಿಟ್ಟು ಆ ಕೈಗಳನ್ನೇ ನೋಡಿದರು. ಕೈಗಳು ಅಲ್ಲೇ ಇದ್ದವು.

"ಎಷ್ಟ ತಣ್ಣಗದಾನವಾ," ಎಂದಳು ರುದ್ರವ್ವ, ಕೆನ್ನೆ ತೆಗೆಯದೆ.

ಲಾಡಬಿ ಗೋಡೆ ಬಿಟ್ಟು ಮೆಲ್ಲಗೆ ಸರಿದು ಬಂದಳು. ಅವಳ ಪಕ್ಕ ಕೂತು, ಒಂದೊಂದೇ ಬೆರಳು ಊರುತ್ತ, ತನ್ನ ಕೈಯನ್ನೂ ಪೆಟ್ಟಿಗೆಯ ಮೇಲಿಟ್ಟಳು.