ಬಿಚ್ಚಿದ ಶಿವದಾರ

ಕರಡಿಗೆಯ ಶಿವದಾರ ಬಿಚ್ಚುವಾಗ ನರ್ಸಿಂಗ್ ಕಲಿಯುವ ಚಿನ್ಮಯೀಯ ಮನಸ್ಸಿನಲ್ಲಿ ಇದ್ದದ್ದು ಬರೀ ಭಕ್ತಿ. ಹೆರಿಗೆ ಕೋಣೆಯ ಮಂಚದ ಮೇಲೆ ಸೌಮ್ಯಾ ಕಣ್ಣು ಮುಚ್ಚಿ ನರಳುತ್ತಿದ್ದಳು. ನೋವಿಗೆ ಕೊಟ್ಟ ಇಂಜೆಕ್ಷನ್ನಿನ ಮಂಪರು ಬೇರೆ. ಅವಳ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಬೆವರಿನಲ್ಲಿ ಅತ್ತಿತ್ತ ಹೊರಳುತ್ತಿತ್ತು. ಪಕ್ಕದಲ್ಲೇ ಬಿಳಿ ಅರಿವೆಯಲ್ಲಿ ಸುತ್ತಿ ಕಟ್ಟಿದ ಪುಟ್ಟ ಗಂಟೊಂದಿತ್ತು. ಯಾವುದೋ ದೃಷ್ಟಿಯ ಗಂಟಿರಬೇಕು ಅಂದುಕೊಂಡಳು. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲೆಲ್ಲ ನೀರು, ರಕ್ತ. ಅದರ ನಡುವೆ ದೇವರೇ? ಅವಳಿಗೆ ನೋಡಲಾಗಲಿಲ್ಲ. ಎರಡನ್ನೂ ಬಿಚ್ಚಿ, ಬೊಗಸೆಯಲ್ಲಿ ಹಿಡಿದು, ಸಿಸ್ಟರ್‌ಗಳ ಕೋಣೆಯಲ್ಲಿ ದೇವರ ಪಟಗಳಿದ್ದ ಗೋಡೆಯ ಮಾಡದಲ್ಲಿ ಇಟ್ಟಳು. ಪಟದ ಮೇಲಿನ ಒಂದು ಸೇವಂತಿಗೆ ತೆಗೆದು ಕರಡಿಗೆಗೂ ಏರಿಸಿದಳು.

ಸಪ್ತಾಪುರದ ಅವಳ ಮನೆಯಲ್ಲಿ ಹೆತ್ತ ಹೆಂಗಸರು ಹತ್ತು ದಿನ ದೇವರ ಕೋಣೆಯ ಕಡೆ ಸುಳಿಯುವಂತಿಲ್ಲ. ಮಾವಶಿ, ಅಮ್ಮನ ತಂಗಿ, ಹೆತ್ತಾಗ ಅಮ್ಮ ಸಾಲಿಗ್ರಾಮದ ಸಂಪುಟವನ್ನೇ ಪರಿಚಯದವರ ಮನೆಗೆ ಪೂಜೆಗೆ ಕಳಿಸಿಕೊಟ್ಟಿದ್ದಳು. ದೇವರನ್ನು ಕಾಪಾಡುವುದೆಂದರೆ ಇದು ಎಂದೇ ಚಿನ್ಮಯೀ ತಿಳಿದು ಬೆಳೆದವಳು.

ಮೇಲಾಗಿ, ಹೆರಿಗೆ ಶುಶ್ರೂಷೆ ಕಲಿಯುವ ಹುಡುಗಿಯರಿಗೆ ಮಂದಾಕಿನಿ ಮೇಡಂ ಈಚೆಗಷ್ಟೇ 'ಆಧ್ಯಾತ್ಮಿಕ ಆರೈಕೆ' ಎಂಬ ಪಾಠ ಮಾಡಿದ್ದರು. ಹೆರುವವಳಿಗೆ ಮೈಯೊಂದೇ ಅಲ್ಲ, ಅವಳ ನಂಬಿಕೆಯೂ ಇರುತ್ತದೆ, ಅದಕ್ಕೂ ನೋವಾಗಬಾರದು ಎಂದಿದ್ದರು. ಪರೀಕ್ಷೆಯಲ್ಲಿ ಚಿನ್ಮಯೀ ಬರೆದ ಉತ್ತರವನ್ನು ವರ್ಗದಲ್ಲಿ ಎಲ್ಲರಿಗೂ ಓದಿ ತೋರಿಸಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಕ್ಕಾಲಿಗೇ ಚಪ್ಪಾಳೆ ಬಿದ್ದರೆ ಉಳಿದ ಮುಕ್ಕಾಲು ಯಾರಿಗೆ ನೆನಪಾಗುತ್ತದೆ?

ಅವಳು ಮರಳಿ ಬರುವಷ್ಟರಲ್ಲಿ ಸೌಮ್ಯಾಳ ನೀರು ಒಡೆದಿತ್ತು. ನೀರಿನ ಜೊತೆಗೆ ಹೊಕ್ಕಳಬಳ್ಳಿಯೂ ಜಾರಿ ಕೆಳಗೆ ಬಂದಿತ್ತು. ಹಿರಿಯ ನರ್ಸ್ ಶಾಜಿಯಾ ಒಳಗೆ ಕೈಯಿಟ್ಟು ಕೂಸಿನ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದಿದ್ದಳು.

"ಆಪರೇಷನ್ ಥೇಟರಿಗೆ ಫೋನ್ ಮಾಡು, ಲಗೂ! ಸೌಮ್ಯಾ ಅವರ, ಅಲುಗಾಡಬ್ಯಾಡ್ರಿ. ನನ್ನ ಕೈ ಜಾರಿದ್ರ ಕೂಸಿನ ತಲಿ ಬಳ್ಳಿ ಮ್ಯಾಲೆ ಕೂಡ್ತೈತಿ, ಕೂಸಿಗೆ ಉಸರು ಸಿಗಂಗಿಲ್ಲ."

ಸೌಮ್ಯಾಳ ಕಣ್ಣುಗಳು ಪೂರ್ತಿ ತೆರೆದವು. ಹೆದರಿದವರು ಮೊದಲು ಮುಟ್ಟಿಕೊಳ್ಳುವುದು ಏನನ್ನೋ ಅದನ್ನು ಹುಡುಕಿ ಅವಳ ಕೈ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ನನ್ನ ಲಿಂಗ ಎಲ್ಲೈತ್ರಿ? ಅತ್ತೀ! ನನ್ನ ಲಿಂಗ!" ಎಂದು ಬಾಗಿಲ ಹೊರಗಿದ್ದ ಅತ್ತೆಗೂ ಕೇಳುವಂತೆ ಕೂಗಿದಳು.

"ಇಲ್ಲೇ ಅದರಿ, ಛಲೋ ಜಾಗಾದಾಗ ಇಟ್ಟೇನಿ," ಎಂದಳು ಚಿನ್ಮಯೀ.

"ಅದು ಇಲ್ದ ನಾ ಎಲ್ಲೂ ಬರಂಗಿಲ್ಲ! ಸತ್ರೂ ಅದು ಮೈಮ್ಯಾಲೆ ಇರಬೇಕ್ರಿ!"

ಸೌಮ್ಯಾ ಎದ್ದು ಕೂತೇ ಬಿಟ್ಟಳು. ಮಂಚದಿಂದ ಕಾಲು ಕೆಳಗೆ ಹಾಕಿದಳು. ಶಾಜಿಯಾಳ ಕೈ ಹೊರಗೆ ಜಾರಿತು. ಆಯಾ ಹಿಡಿದುಕೊಂಡಳು, ಶಾಜಿಯಾ ಕೂಗಿದಳು, ಅವಳು ಯಾರ ಮಾತಿಗೂ ಮಲಗಲೊಲ್ಲಳು. ಚಿನ್ಮಯೀ ಓಡಿದಳು. ಮಾಡದಿಂದ ಕರಡಿಗೆ, ಗಂಟು ಎರಡನ್ನೂ ತಂದು ಅವಳ ಕೊರಳಿಗೆ ಕಟ್ಟಿದ ಮೇಲೆಯೇ ಸೌಮ್ಯಾ ಕೂಸಿನಂತೆ ಸುಮ್ಮನೆ ಮಲಗಿದಳು. ಥೇಟರಿನಲ್ಲಿ ಹೊರತೆಗೆದ ಹೆಣ್ಣುಕೂಸು ಅಳಲಿಲ್ಲ. ಡಾಕ್ಟರು ಎಷ್ಟು ಹೆಣಗಿದರೂ ಅಳಲಿಲ್ಲ.

ಮರುದಿನ ಮಧ್ಯಾಹ್ನ ಮಂದಾಕಿನಿ ಮೇಡಂ ಚಿನ್ಮಯೀಯನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡರು. ಕೆಟ್ಟ ಹೆಂಗಸಲ್ಲ. ಹೆಗಲ ಮೇಲೆ ಕೈಯಿಟ್ಟೇ ಹೇಳಿದರು.

"ನೋಡು, ಬಳ್ಳಿ ಜಾರಿದ್ರ ಎಷ್ಟೋ ಕೂಸು ಉಳಿಯೂದಿಲ್ಲ. ಅದು ಖರೇನ ಅದ. ಅವರ ಮನಿಯವರು ಕೇಳಿದ್ರ ಅಷ್ಟ ಹೇಳು, ಹೆಚ್ಚಿಗಿ ಒಂದು ಮಾತು ಬ್ಯಾಡ. ನಿನ್ನ ಕೋರ್ಸು ಮುಗೀಲಿಕ್ಕೆ ಬಂದದ."

"ಮೇಡಂ, ನೀವು ಕಲಿಸಿದ ಆ ಪಾಠದಾಗ..."

"ಪಾಠ ಈಗ ಬ್ಯಾಡ, ಚಿನ್ಮಯೀ."

ಸೌಮ್ಯಾಳ ಗಂಡ ಬಸವಕಿರಣ ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಕಾಳಿನ ವ್ಯಾಪಾರ ಮಾಡುವವನು. ಹಿರಿಯರೊಂದಿಗೆ ಕೂಸನ್ನು ಮಣ್ಣಿಗೆ ಒಯ್ದಿದ್ದ. ಕೋಣೆಯಲ್ಲಿ ಸೌಮ್ಯಾ ಮತ್ತು ಅವಳ ಅತ್ತೆ ಸಂಗವ್ವ ಇಬ್ಬರೇ. ಬಿ.ಪಿ. ನೋಡಲು ಹೋದ ಚಿನ್ಮಯೀಗೆ ಬಾಗಿಲ ಹೊರಗೇ ಸಂಗವ್ವನ ದನಿ ಕೇಳಿಸಿತು.

"ಎಂಟನೇ ತಿಂಗಳಾಗ ಮಠದ ಅಯ್ನೋರನ್ನ ಕರಸಿ ಕೂಸಿನ ಲಿಂಗಾನೂ ನಿನ್ನ ಕೊಳ್ಳಾಗ ಕಟ್ಟಿಸಿದ್ವಿ. ಹುಟ್ಟಿದ ಕೂಡ್ಲೆ ಅದರ ಕೊಳ್ಳಿಗೆ ಹಾಕೂದಿತ್ತು. ನಿಂದೂ ಬಿಚ್ಚಿ ಕೊಟ್ಟಿ, ಅದರದೂ ಬಿಚ್ಚಿ ಕೊಟ್ಟಿ. ಹೆಂಗ ಮನಸ್ಸು ಬಂತ ನಿನಗ?"

ಬಿಳಿ ಅರಿವೆಯ ಗಂಟು! ಚಿನ್ಮಯೀ ದೃಷ್ಟಿಯದೆಂದುಕೊಂಡದ್ದು ಕೂಸಿನ ಲಿಂಗವಾಗಿತ್ತು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಸೌಮ್ಯಾ ಅವಳನ್ನು ನೋಡಿದಳು.

"ಸಿಸ್ಟರ್, ಒಳಗ ಬರ್ರಿ. ನಾನ ಬಿಚ್ಚಿ ಕೊಟ್ಟೆನೇನ್ರಿ? ನನಗೇನೂ ನೆನಪಿಲ್ಲ. ಅತ್ತಿ ಮುಂಜಾನಿಂದ ಹಂಗ ಅನ್ನಾಕತ್ತಾರ." ಚಿನ್ಮಯೀಯ ಕೈ ಹಿಡಿದೆಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನನ್ನ ಆಣಿ ಐತಿ. ಖರೇ ಹೇಳ್ರಿ."

ಗೊತ್ತಿಲ್ಲ ಎಂದರೆ ಮುಗಿದಿತ್ತು. ಆ ಗಡಿಬಿಡಿಯಲ್ಲಿ ಯಾರು ಬಿಚ್ಚಿದರೋ ಎಂದರೂ ನಂಬುತ್ತಿದ್ದರು. ಆದರೆ ಇವತ್ತು ಗೊತ್ತಿಲ್ಲ ಎಂದರೆ ಈ ಹೆಣ್ಣುಮಗಳು ಆ ಮನೆಯಲ್ಲಿ ಸಾಯುವ ತನಕ ಕೂಸನ್ನು ಕೊಂದವಳಾಗಿಯೇ ಬಾಳಬೇಕು. ಕೈಯಡಿಯ ತಲೆ ಜ್ವರದಿಂದ ಬಿಸಿಯಾಗಿತ್ತು. ಚಿನ್ಮಯೀಗೆ ಬಹಳ ಹೆದರಿಕೆಯಾಯಿತು.

"ನಾ ಬಿಚ್ಚಿದೆ," ಎಂದಳು. "ನಿಮಗ ಎಚ್ಚರ ಇರಲಿಲ್ಲ. ನಿಮ್ಮನ್ನ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ."

ಸಂಗವ್ವ ಸ್ಟೂಲಿನಿಂದ ಎದ್ದು ನಿಂತಳು. "ಯಾಕ್ರಿ ಸಿಸ್ಟರ್? ಅದೇನ ಮಾಡಿತ್ತು ನಿಮಗ?"

"ರಕ್ತ ತಾಗ್ತದ, ದೇವರಿಗೆ ಮೈಲಿಗಿ ಆಗ್ತದ ಅಂತ... ನಮ್ಮ ಮನ್ಯಾಗ ಹಂಗ ಅದರಿ."

"ಲಿಂಗ ಕಟ್ಟಿದ ಮೈಗೆ ಎಲ್ಲೀ ಮೈಲಿಗಿ? ಹೆರೂದಕ್ಕೂ ಇಲ್ಲ, ಸಾಯೂದಕ್ಕೂ ಇಲ್ಲ." ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. ಬೈದಿದ್ದರೆ ಚಿನ್ಮಯೀಗೆ ಇಷ್ಟು ನೋಯುತ್ತಿರಲಿಲ್ಲ.

ಸೌಮ್ಯಾ ಬಹಳ ಮೆಲ್ಲಗೆ ಕೇಳಿದಳು: "ಅದಕ್ಕ ಹೋತೇನ್ರಿ ನನ್ನ ಕೂಸು?"

"ದೇವರ ಸಿಟ್ಟಿಗೆ ಹೋಗಿಲ್ರಿ. ಬಳ್ಳಿ ಜಾರಿತ್ತು. ಲಿಂಗ ಕಾಣಲಿಲ್ಲ ಅಂತ ನೀವು ಎದ್ದು ಕೂತ್ರಿ. ಆ ಹೊತ್ತು ಹೋತು. ಏಳದಿದ್ರ ಉಳೀತಿತ್ತೋ ಇಲ್ಲೋ, ನನಗ ಗೊತ್ತಿಲ್ರಿ." ಅವಳತ್ತ ಬಾಗಿದಳು. "ಎದ್ದದ್ದು ನಿಮ್ಮ ತಪ್ಪಲ್ಲ. ಏಳೂಹಂಗ ಮಾಡಿದಾಕಿ ನಾನು."

ಸಂಗವ್ವ ಮಂಚದ ತುದಿಗೆ ಹೋಗಿ ಸೊಸೆಯ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. "ಸುಮ್ಮಸುಮ್ಮನ ಅಂದ್ನಲ್ಲ ನಿನಗ, ಯವ್ವಾ," ಎಂದು ಅಳತೊಡಗಿದಳು. ಸೌಮ್ಯಾ ಅಳಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದಳು.

ಚಿನ್ಮಯೀಯ ಕೈ ಇನ್ನೂ ಅವಳ ತಲೆಯ ಮೇಲೆಯೇ ಇತ್ತು.

"ಕೈ ತಗೀಲೇನ್ರಿ?" ಎಂದು ಕೇಳಿದಳು.

ಈ ಸಲ ಅವಳು ಹೇಳುವ ತನಕ ಕೈ ಕದಲಿಸುವಂತಿರಲಿಲ್ಲ. ಚಿನ್ಮಯೀ ಕಾಯುತ್ತ ನಿಂತಳು.